ಕ್ರ್ಯಾಂಕ್ ಸ್ಪ್ರಾಕೆಟ್ ಲೂಸಾಗಿದ್ದರೆ ಪಂಪ್ ತಿರುಗಿಸಬೇಡಿ

ಹಳೆ ಡೀಸೆಲ್ ಕಾರುಗಳ ಟೈಮಿಂಗ್ (ಎಂಜಿನ್ ಸುತ್ತಿಗೆ ಸರಿಯಾಗಿ ವಾಲ್ವ್ ತೆರೆಯೋದು, ಡೀಸೆಲ್ ಬೀಳೋದು) ಬಗ್ಗೆ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರ್ತಾನೇ ಇದೆ. ಅದಕ್ಕೇ ಈ ಸಲ ಜಾಸ್ತಿ ಜಾಗ ಕೊಟ್ಟಿದ್ದೇನೆ. ಟೈಮಿಂಗ್ ಬೆಲ್ಟ್ ಕವರ್ ಬಿಚ್ಚೋದು ಹೇಗೆ ಅಂತ ಕೇಳಿದವರಿಗೆ ಇಲ್ಲಿ ಉತ್ತರ ಇಲ್ಲ. ಅದು ಗೊತ್ತಿಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಪ್ರಶ್ನೆ: ಗಾಡಿ ಬೆಳಿಗ್ಗೆ ಬೇಗ ಸ್ಟಾರ್ಟ್ ಆಗ್ತಿರಲಿಲ್ಲ, ಬಿಳಿ ಹೊಗೆ ಬರ್ತಿತ್ತು. ಮೆಕ್ಯಾನಿಕ್ ಡೀಸೆಲ್ ಚಿಮ್ಮಿಸುವ ಇಂಜೆಕ್ಷನ್ ಪಂಪ್ ಸ್ವಲ್ಪ ತಿರುಗಿಸಿ ಸರಿಮಾಡಿದರು. ಕೆಲವು ವಾರಕ್ಕೆ ಮತ್ತೆ ಅದೇ ಕತೆ. ಈಗ ಬೆಲ್ಟ್ ತೆಗೆದು ನೋಡಿದರೆ ಕ್ರ್ಯಾಂಕ್ ಸ್ಪ್ರಾಕೆಟ್ (ಕ್ರ್ಯಾಂಕ್ ದಂಡದ ತುದಿಯಲ್ಲಿ ಬೆಲ್ಟ್ ತಿರುಗಿಸುವ ಹಲ್ಲು ಚಕ್ರ) ಕೈಯಲ್ಲೇ ಅಲ್ಲಾಡುತ್ತೆ. ವೆಲ್ಡ್ ಮಾಡಿಸಿದರೆ ಸಾಕು ಅಂತಾರೆ. ಮಾಡಿಸಲಾ?

ಬೇಡ. ವೆಲ್ಡ್ ಮಾಡುವವರ ಹತ್ತಿರ ಗಾಡಿ ಬಿಡಲೇಬೇಡಿ. ಆ ಬಿಸಿಗೆ ಪಕ್ಕದ ಆಯಿಲ್ ಸೀಲ್ ಸುಡುತ್ತದೆ, ಸ್ಪ್ರಾಕೆಟ್ ಓರೆಯಾಗಿ ಕೂರುತ್ತದೆ. ಮುಂದೆ ಸೀಲ್ ಬದಲಿಸಬೇಕಾದಾಗ ಸ್ಪ್ರಾಕೆಟ್ಟನ್ನು ಕತ್ತರಿಸಿಯೇ ತೆಗೆಯಬೇಕು.

ನಿಮ್ಮ ಗಾಡಿಯಲ್ಲಿ ಆಗಿರೋದು ಇಷ್ಟು. ಸ್ಪ್ರಾಕೆಟ್ಟನ್ನು ತಿರುಗಿಸೋದು ಕೀ (ಕ್ರ್ಯಾಂಕ್ ಮತ್ತು ಸ್ಪ್ರಾಕೆಟ್ ನಡುವೆ ಕೂರುವ ಸಣ್ಣ ಲೋಹದ ತುಂಡು) ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅಲ್ಲ. ಕೀ ಇರೋದು ಜಾಗ ತೋರಿಸೋಕೆ ಮಾತ್ರ. ಬೋಲ್ಟ್ ಸ್ಪ್ರಾಕೆಟ್ಟನ್ನು ಕ್ರ್ಯಾಂಕಿನ ಮುಖಕ್ಕೆ ಒತ್ತಿ ಹಿಡಿಯುತ್ತದಲ್ಲ, ಆ ಹಿಡಿತದಿಂದಲೇ ಅದು ತಿರುಗಬೇಕು. ಬೋಲ್ಟಿನ ಬಿಗಿ ಹೋದ ಕೂಡಲೇ ಭಾರವೆಲ್ಲ ಕೀ ಮೇಲೆ ಬೀಳುತ್ತದೆ. ಡೀಸೆಲ್ ಎಂಜಿನ್ನಿನ ಒಂದೊಂದು ಹೊಡೆತಕ್ಕೂ ಅದು ಹಿಂದೆ ಮುಂದೆ ಬಡಿದು, ತಾನು ಕೂರುವ ತೋಡನ್ನು ಅಗಲ ಮಾಡುತ್ತದೆ. ಕ್ರ್ಯಾಂಕಿನ ಮೂತಿ (ಸ್ಪ್ರಾಕೆಟ್ ಕೂರುವ ತುದಿ) 30 ಮಿ.ಮೀ. ವ್ಯಾಸದ್ದಾದರೆ ಅಲ್ಲಿ 1 ಮಿ.ಮೀ. ಆಟ ಅಂದರೆ ಸುಮಾರು 4 ಡಿಗ್ರಿ. ಸ್ಪ್ರಾಕೆಟ್ ಹಿಂದೆ ಬಿದ್ದಾಗ ಪಂಪೂ ಹಿಂದೆ, ವಾಲ್ವ್ ತೆರೆಯುವ ಕ್ಯಾಮೂ ಹಿಂದೆ. ಡೀಸೆಲ್ ತಡವಾಗಿ ಬೀಳುತ್ತದೆ, ಹೊಗೆ ಬರುತ್ತದೆ.

ನಿಮ್ಮ ಮೆಕ್ಯಾನಿಕ್ ಪಂಪನ್ನು ಮುಂದಕ್ಕೆ ತಿರುಗಿಸಿ ಹೊಗೆಯನ್ನು ಮುಚ್ಚಿದರು. ಕ್ಯಾಮ್ ಹಿಂದೆಯೇ ಉಳಿಯಿತು. ಎಕ್ಸಾಸ್ಟ್ ವಾಲ್ವ್ ಮುಚ್ಚೋದು ತಡವಾದಷ್ಟೂ ಮೇಲೆ ಬರುವ ಪಿಸ್ಟನ್ ಅದಕ್ಕೆ ಹತ್ತಿರವಾಗುತ್ತದೆ. ಇಂಥ ಎಂಜಿನ್‌ಗಳಲ್ಲಿ ಅವೆರಡರ ನಡುವೆ ಮೊದಲೇ ಜಾಗ ತೀರಾ ಕಮ್ಮಿ. ತಾಗಿದರೆ ವಾಲ್ವ್ ಬಗ್ಗುತ್ತದೆ. ಕಾರಣ ನೋಡದೆ ಪಂಪ್ ತಿರುಗಿಸೋದು ನನಗೆ ಸಿಟ್ಟು ಬರಿಸೋದು ಇದಕ್ಕೇ.

ಈಗ ಬೋಲ್ಟ್ ಬಿಚ್ಚಿ, ಸ್ಪ್ರಾಕೆಟ್ ಹೊರಗೆ ತೆಗೆಯಿರಿ. ಕ್ರ್ಯಾಂಕಿನ ಮೂತಿಯನ್ನು ಚೆನ್ನಾಗಿ ಒರೆಸಿ ಬೆಳಕು ಬಿಟ್ಟು ನೋಡಿ. ಕೀ ಕೂರುವ ತೋಡಿನ ಅಂಚು ನೇರವಾಗಿದ್ದು, ಸ್ಪ್ರಾಕೆಟ್ ಮಾತ್ರ ಸವೆದಿದ್ದರೆ ನಿಮ್ಮ ಅದೃಷ್ಟ. ಹೊಸ ಸ್ಪ್ರಾಕೆಟ್, ಕೀ ಬೇರೆ ತುಂಡಾಗಿದ್ದರೆ ಹೊಸ ಕೀ, ಹೊಸ ಬೋಲ್ಟ್ ಹಾಕಿ. ಒತ್ತುವ ಮುಖಗಳಲ್ಲಿ ಎಣ್ಣೆ, ತುಕ್ಕು, ಪೇಂಟ್ ಏನೂ ಇರಬಾರದು. ಅಂಚಿನಲ್ಲಿ ಎದ್ದ ಮುಳ್ಳನ್ನು ಸಣ್ಣ ಅರದಿಂದ ತೆಗೆಯಬಹುದು. ತೋಡನ್ನು ಅಗಲ ಮಾಡಬೇಡಿ.

ಕ್ರ್ಯಾಂಕಿನ ತೋಡೇ ಅಗಲವಾಗಿದ್ದರೆ ಕ್ರ್ಯಾಂಕ್ ಬದಲಿಸೋದು, ಇಲ್ಲವೇ ಒಳ್ಳೆ ಮೆಷಿನ್ ಶಾಪಿನಲ್ಲಿ ತೋಡು ಸರಿಮಾಡಿಸಿ ಅಳತೆಗೆ ತಕ್ಕ ಮೆಟ್ಟಿಲು ಕೀ (ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು ಇರುವ ಕೀ) ಹಾಕಿಸೋದು. ಸಂದಿಗೆ ತಗಡಿನ ತುಂಡು ತುರುಕೋರು ಇದ್ದಾರೆ. ಆ ತುಂಡು ಜಜ್ಜಿಹೋಗಿ ಹೊರಗೆ ಬರುತ್ತದೆ. ಅಂಟಿನ ವಿಷಯವೂ ಅಷ್ಟೇ. ಸಿಲಿಂಡರ್ ಆಕಾರದ ಭಾಗಗಳನ್ನು ಹಿಡಿಸುವ ರಿಟೇನಿಂಗ್ ಕಾಂಪೌಂಡ್ ಒಳ್ಳೆಯದೇ, ಆದರೆ ಅದು ಬೋಲ್ಟಿನ ಬಿಗಿಗೆ ಬದಲಿ ಅಲ್ಲ. ಹಾಳಾದ ಮೂತಿಯನ್ನು ಅಂಟಿನಿಂದ ಉಳಿಸ್ತೀನಿ ಅನ್ನೋರನ್ನು ನಾನು ನಂಬಲ್ಲ.

ಟೈಮಿಂಗ್ ಕೂರಿಸುವಾಗ ಪುಲ್ಲಿ ಮೇಲಿನ ಗುರುತು ನೋಡಬೇಡಿ. ಬಹಳಷ್ಟು ಎಂಜಿನ್‌ಗಳಲ್ಲಿ ಪುಲ್ಲಿ ಇರೋದೇ ಆ ಸ್ಪ್ರಾಕೆಟ್ ಮೇಲೆ. ಅದು ಜರುಗಿದರೆ ಗುರುತೂ ಜರುಗುತ್ತದೆ. ಕ್ರ್ಯಾಂಕಿನ ಇನ್ನೊಂದು ತುದಿಯ ಭಾರದ ಚಕ್ರ, ಅಂದರೆ ಫ್ಲೈವೀಲ್, ಅದರ ಗುರುತನ್ನೇ ನಂಬಿ. ಆಮೇಲೆ ಪಂಪ್ ಟೈಮಿಂಗ್ ಹೊಸದಾಗಿ ಕೂರಿಸಿ, ಮೆಕ್ಯಾನಿಕ್ ಮೊದಲು ತಿರುಗಿಸಿದ್ದು ಹಾಗೇ ಉಳಿದಿರುತ್ತೆ. ಕೊನೆಗೆ ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ಆಗ ಕ್ಯಾಮ್ ಒಂದು ಸುತ್ತು ಮುಗಿಸುತ್ತದೆ. ನಡುವೆ ಎಲ್ಲಾದರೂ ಗಟ್ಟಿಯಾಗಿ ನಿಂತರೆ ಬಲ ಹಾಕಬೇಡಿ, ಬೆಲ್ಟ್ ಬಿಚ್ಚಿ ಮತ್ತೆ ಕೂರಿಸಿ.

ಪ್ರಶ್ನೆ: ಹಳೆ ಬೋಲ್ಟ್ ನೋಡೋಕೆ ಚೆನ್ನಾಗೇ ಇದೆ. ಅದನ್ನೇ ಹಾಕಬಹುದಾ?

ಇಲ್ಲ. ಡಿಗ್ರಿ ಲೆಕ್ಕದಲ್ಲಿ (ಇಷ್ಟು ಕೋನ ತಿರುಗಿಸಬೇಕು ಅಂತ) ಬಿಗಿ ಮಾಡುವ ಬೋಲ್ಟ್ ಒಂದು ಸಲ ಎಳೆದುಕೊಂಡರೆ ಮುಗಿಯಿತು.

ಪ್ರಶ್ನೆ: ಇಂಪ್ಯಾಕ್ಟ್ ಗನ್ನಿನಲ್ಲಿ ಬಿಗಿ ಮಾಡಿದರೆ ಸಾಲದಾ?

ಬಿಚ್ಚೋಕೆ ಬಳಸಿ, ಬಿಗಿ ಮಾಡೋಕೆ ಬೇಡ. ಟಾರ್ಕ್ ವ್ರೆಂಚ್ ಮತ್ತು ಡಿಗ್ರಿ ಗೇಜ್ ಬೇಕು. ಎಷ್ಟು ಅನ್ನೋದನ್ನು ನಿಮ್ಮ ಎಂಜಿನ್ನಿನ ಪುಸ್ತಕದಲ್ಲೇ ನೋಡಿ, ಪಕ್ಕದ ಮನೆಯವರ ಎಂಜಿನ್ನಿನದು ನಿಮಗೆ ಆಗಲ್ಲ.

ಪ್ರಶ್ನೆ: ಬೋಲ್ಟ್ ಬಿಗಿ ಮಾಡುವಾಗ ಎಂಜಿನ್ ತಿರುಗದ ಹಾಗೆ ಟೈಮಿಂಗ್ ಪಿನ್ ಹಾಕಿ ಹಿಡಿಯಬಹುದಾ?

ಬೇಡವೇ ಬೇಡ. ಪಿನ್ ಇರೋದು ಜಾಗ ತೋರಿಸೋಕೆ. ಆ ಬಲಕ್ಕೆ ಪಿನ್ ಮುರಿಯುತ್ತೆ, ಇಲ್ಲಾ ಅದು ಕೂತಿರುವ ಭಾಗ ಒಡೆಯುತ್ತೆ. ಫ್ಲೈವೀಲ್ ಹಲ್ಲಿಗೆ ಕೂರುವ ಲಾಕ್ ಬಳಸಿ.

ಪ್ರಶ್ನೆ: ಎಂಜಿನ್ ಬಡಿತ ಕಮ್ಮಿ ಆಗೋಕೆ ಆಯಿಲ್‌ಗೆ ಹಾಕುವ ಔಷಧಿ ಯಾವುದು ಒಳ್ಳೆಯದು?

ಲೂಸಾದ ಬೋಲ್ಟಿಗೆ ಔಷಧಿ ಇಲ್ಲ.

ಪ್ರಶ್ನೆ: ಎಲ್ಲ ಹೊಸದು ಹಾಕಿ ಆಯ್ತು. ಮತ್ತೆ ಲೂಸಾಗ್ತಿದೆಯಾ ಅಂತ ಹೇಗೆ ತಿಳಿಯೋದು?

ಬಿಗಿ ಮಾಡಿದ ಕೂಡಲೇ ಬೋಲ್ಟಿನ ತಲೆಯಿಂದ ಸ್ಪ್ರಾಕೆಟ್ ಮೇಲಕ್ಕೆ ಪೇಂಟಿನಲ್ಲಿ ಒಂದು ತೆಳು ಗೆರೆ ಎಳೆಯಿರಿ. ಕೆಲವು ದಿನ ಓಡಿಸಿ, ಕವರ್ ತೆಗೆದು ಆ ಗೆರೆ ನೋಡಿ. ಸ್ಪ್ಯಾನರ್ ಹಾಕಿ ಪರೀಕ್ಷೆ ಮಾಡಬೇಡಿ. ಗೆರೆ ಕೂಡದೆ ಪಕ್ಕಕ್ಕೆ ಸರಿದಿದ್ದರೆ ಎಂಜಿನ್ ಮತ್ತೆ ಸ್ಟಾರ್ಟ್ ಮಾಡದೆ ಗಾಡಿಯನ್ನು ಎಳೆಸಿಕೊಂಡು ಹೋಗಿ.