ಗಾಡಿ ಓಡುವಾಗ ನಿದ್ದೆ ಬರುತ್ತಾ?

ಹಿರಿಯೂರಿನ ಓದುಗರೊಬ್ಬರ ಪತ್ರ:

"ಸಂಪಾದಕರಿಗೆ ನಮಸ್ಕಾರ. ನಮ್ಮ ಯಜಮಾನರು ಹದಿನೆಂಟು ವರ್ಷದಿಂದ ಲಾರಿ ಓಡಿಸುತ್ತಿದ್ದಾರೆ. ಈರುಳ್ಳಿ, ಕೊಬ್ಬರಿ, ಸಿಮೆಂಟ್, ಯಾವ ಲೋಡ್ ಸಿಕ್ಕರೆ ಅದು. ಮೊದಲು ಕ್ಲೀನರ್ ಇದ್ದ. ನಾಲ್ಕು ವರ್ಷದಿಂದ ಇವರು ಒಬ್ಬರೇ. ಈಗ ಓನರ್ ಹೊಸ ಕಂಟೇನರ್ ಗಾಡಿ ತಂದಿದ್ದಾರೆ. ಬೆಂಗಳೂರು–ದೆಹಲಿ ಪಾರ್ಸೆಲ್ ಲೈನು, ಡಬಲ್ ಡ್ರೈವರ್. ಜೊತೆಗೆ ಇಪ್ಪತ್ತಾರು ವರ್ಷದ ಹುಡುಗ. ಇಬ್ಬರಿದ್ದರೆ ಕೆಲಸ ಅರ್ಧ ಆಗುತ್ತೆ ಅಲ್ವಾ? ಇವರು ಮಾತ್ರ ಬೇಡ ಅಂತ ಹಟ ಹಿಡಿದಿದ್ದಾರೆ. ಯಾಕೆ ಅಂದರೆ ಹೇಳಲ್ಲ. ಎರಡು ವರ್ಷದಿಂದ ಶುಗರ್ ಬೇರೆ ಇದೆ. ಒಬ್ಬರೇ ಹೋದರೆ ನನಗೆ ರಾತ್ರಿಯೆಲ್ಲ ನಿದ್ದೆ ಬರಲ್ಲ. ನೀವೇನು ಹೇಳುತ್ತೀರಿ?"

ಅಕ್ಕಾ, ನಮಸ್ಕಾರ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನನ್ನ ಅಪ್ಪನೂ ಲಾರಿ ಡ್ರೈವರ್. ನಮ್ಮಮ್ಮನೂ ನಿಮ್ಮ ಹಾಗೇ ರಾತ್ರಿ ಎದ್ದು ಕೂರುತ್ತಿದ್ದರು. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಮೊದಲು ನಿಮ್ಮ ಪ್ರಶ್ನೆಗೆ ಬರುತ್ತೇನೆ. ಇಬ್ಬರಿದ್ದರೆ ಕೆಲಸ ಅರ್ಧ ಆಗಲ್ಲ. ಗಾಡಿಯ ಓಟ ಎರಡರಷ್ಟಾಗುತ್ತದೆ. ಬೆಂಗಳೂರಿನಿಂದ ಹೈದರಾಬಾದ್, ನಾಗಪುರ, ಝಾನ್ಸಿ ಮೇಲೆ ದೆಹಲಿಗೆ ಸುಮಾರು 2,150 ಕಿ.ಮೀ. ಗಂಟೆಗೆ ಸರಾಸರಿ 45 ಕಿ.ಮೀ. ಅಂತ ಹಿಡಿಯಿರಿ. ಒಬ್ಬ ಡ್ರೈವರ್ ದಿನಕ್ಕೆ 10 ಗಂಟೆ ಓಡಿಸಿದರೆ ಐದು ದಿನ ಬೇಕು. ಇಬ್ಬರು ಸೇರಿ 20 ಗಂಟೆ ಓಡಿಸಿದರೆ ಎರಡೂವರೆ ದಿನ ಸಾಕು. ಪಾರ್ಸೆಲ್ ಕಂಪನಿಗೆ ಬೇಕಾಗಿರೋದು ಅದೇ. ಓನರ್‌ಗೆ ತಿಂಗಳಿಗೆ ಟ್ರಿಪ್ ಜಾಸ್ತಿ. ನಿಮ್ಮ ಯಜಮಾನರ ಪಾಲಿಗೆ ದಿನಕ್ಕೆ ಅದೇ ಹತ್ತು ಗಂಟೆ ಸ್ಟೇರಿಂಗ್ ಉಳಿಯುತ್ತದೆ. ಕಡಿಮೆ ಆಗೋದು ನಿಂತ ಗಾಡಿಯಲ್ಲಿ ಮಲಗುವ ಹೊತ್ತು.

ಅವರು ಬಾಯಿಬಿಟ್ಟು ಹೇಳದ ಕಾರಣ ಇದೇ ಇರಬಹುದು ಅಂತ ನನ್ನ ಊಹೆ. ಡಬಲ್ ಡ್ರೈವರ್ ಕೆಲಸದಲ್ಲಿ ಕಷ್ಟದ್ದು ಓಡಿಸೋದಲ್ಲ ಅಕ್ಕಾ, ಮಲಗೋದು.

ಒಂದು ವರದಿಗಾಗಿ ನಾನು ಒಮ್ಮೆ ನೆಲಮಂಗಲದಿಂದ ನಾಗಪುರದವರೆಗೆ ಇಂಥದೇ ಕಂಟೇನರ್ ಗಾಡಿಯಲ್ಲಿ ಹೋಗಿದ್ದೆ. ಇಬ್ಬರು ಡ್ರೈವರ್. ಒಬ್ಬರು ಐವತ್ತರ ಹತ್ತಿರದವರು, ಶಿರಾ ಕಡೆಯವರು. ಇನ್ನೊಬ್ಬ ಮೂವತ್ತರ ಒಳಗಿನ ಹುಡುಗ. ಅವನು ಅವರನ್ನು ಉಸ್ತಾದ್ ಅಂತಲೇ ಕರೆಯುತ್ತಿದ್ದ. ರಾತ್ರಿ ಹತ್ತಕ್ಕೆ ಉಸ್ತಾದ್ ಹಿಂದಿನ ಸೀಟಿಗೆ ಹೋಗಿ ಮಲಗಿದರು. ಸ್ವಲ್ಪ ಹೊತ್ತಿಗೆ ಗೊರಕೆಯೂ ಬಂತು. ಆದರೆ ಮುಂದೆ ಹಂಪ್ ಬಂದಾಗೆಲ್ಲ ಆ ಗೊರಕೆ ನಿಲ್ಲುತ್ತಿತ್ತು. ಹುಡುಗ ಬ್ರೇಕ್ ಮುಟ್ಟಿದರೆ ಅವರ ಬಲಗಾಲೂ ಕಂಬಳಿಯೊಳಗೆ ಅಲುಗಾಡುತ್ತಿತ್ತು. ಒಮ್ಮೆ ಕಣ್ಣು ಮುಚ್ಚಿಕೊಂಡೇ "ಗೇರ್ ಇಳಿಸೋ" ಅಂದರು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮುಖ ತೊಳೆದಾಗ ಕಣ್ಣು ಕೆಂಡ. ಆರು ಗಂಟೆ ಮಲಗಿದ್ದರು, ನಿದ್ದೆ ಎಷ್ಟು ಗಂಟೆ ಬಂತೋ.

ಇಪ್ಪತ್ತು ವರ್ಷ ಎಂಜಿನ್ ಸದ್ದಿಗೆ ಕಿವಿ ಕೊಟ್ಟು ಬದುಕಿದ ಮನುಷ್ಯ ಆ ಸದ್ದು ಕೇಳಿಸದ ಹಾಗೆ ಮಲಗೋದು ಹೇಗೆ ಹೇಳಿ. ಒಳ್ಳೆ ಡ್ರೈವರ್ ಆದಷ್ಟೂ ಈ ಕಷ್ಟ ಜಾಸ್ತಿ. ಬೇರೆಯವರ ಕೈಯಲ್ಲಿ ಸ್ಟೇರಿಂಗ್ ಇದ್ದಾಗ ಅವರ ಮೈ ಒಪ್ಪಲ್ಲ.

ಹೊರದೇಶಗಳ ಕಾನೂನಿನಲ್ಲೂ ಈ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಅಮೆರಿಕದಲ್ಲಿ ಒಬ್ಬ ಡ್ರೈವರ್ ಸಾಲಾಗಿ 10 ಗಂಟೆ ವಿಶ್ರಾಂತಿ ತೆಗೆದುಕೊಂಡ ಮೇಲೆ 11 ಗಂಟೆ ಓಡಿಸಬಹುದು. ಆ 11 ಗಂಟೆಯೂ ಕೆಲಸ ಶುರುವಾದ 14 ಗಂಟೆಯೊಳಗೆ ಮುಗಿಯಬೇಕು. ಇಬ್ಬರಿದ್ದರೆ, ಓಡುವ ಗಾಡಿಯ ಬರ್ತ್‌ನಲ್ಲಿ ಮಲಗಿದ ಹೊತ್ತನ್ನೂ ವಿಶ್ರಾಂತಿ ಅಂತಲೇ ಲೆಕ್ಕ ಹಾಕುತ್ತಾರೆ. ಹಾಗಾಗಿ ಅಲ್ಲಿ ಗಾಡಿ ಹಗಲೂ ರಾತ್ರಿ ಓಡುತ್ತಲೇ ಇರಬಹುದು. ಗಂಡ ಹೆಂಡತಿ ಜೋಡಿಯಾಗಿ ಓಡಿಸುವುದೂ ಅಲ್ಲಿ ಸಾಮಾನ್ಯ. ಯುರೋಪಿನಲ್ಲಿ ಬೇರೆ. ಅಲ್ಲಿ ಡ್ರೈವರ್ ಇಬ್ಬರಿದ್ದರೂ ದಿನದ ವಿಶ್ರಾಂತಿಯನ್ನು ಗಾಡಿಯಲ್ಲಿ ತೆಗೆದುಕೊಳ್ಳಬೇಕಾದರೆ ಗಾಡಿ ನಿಂತಿರಲೇಬೇಕು. ಇಬ್ಬರೂ 30 ಗಂಟೆಯೊಳಗೆ ಕನಿಷ್ಠ 9 ಗಂಟೆ ಹೀಗೆ ವಿಶ್ರಾಂತಿ ಪಡೆಯಬೇಕು. ನನ್ನ ಮನಸ್ಸು ಯುರೋಪಿನ ಕಡೆಗೇ ಇದೆ. ಆ ಉಸ್ತಾದರ ಕಾಲು ನೋಡಿದ ಮೇಲೆ ಇನ್ನೂ ಜಾಸ್ತಿ.

ಆದರೆ ಇನ್ನೊಂದು ಮುಖವೂ ಇದೆ. ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದವರು ಅಮೆರಿಕದ ಲಾರಿಗಳಲ್ಲಿ ಕ್ಯಾಮೆರಾ ಇಟ್ಟು ಇದನ್ನು ಅಭ್ಯಾಸ ಮಾಡಿದ್ದಾರೆ. ಓಡುವ ಗಾಡಿಯಲ್ಲಿ ಮಲಗಿದವರ ನಿದ್ದೆ ಕೆಟ್ಟದಾಗಿತ್ತು. ಆದರೂ ಸ್ಟೇರಿಂಗ್ ಮೇಲೆ ತೀರಾ ತೂಕಡಿಸಿದವರು ಜಾಸ್ತಿ ಕಂಡಿದ್ದು ಒಬ್ಬಂಟಿ ಡ್ರೈವರ್‌ಗಳಲ್ಲೇ. ಕಾರಣ ಸರಳ. ಇಬ್ಬರಿದ್ದರೆ "ನನ್ನ ಕೈಲಿ ಆಗ್ತಿಲ್ಲ, ನೀನು ಹಿಡಿ" ಅನ್ನಬಹುದು. ಒಬ್ಬನೇ ಇದ್ದವನು ಯಾರಿಗೆ ಹೇಳಬೇಕು? ಹಾಗಾಗಿ ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ.

ಒಬ್ಬರೇ ಓಡಿಸುವ ಕಷ್ಟ ನಿಮಗೆ ಗೊತ್ತಿರೋದೇ. ಡಾಬಾ ಮುಂದೆ ಗಾಡಿ ನಿಲ್ಲಿಸಿ ಮಲಗಿದರೂ ಒಂದು ಕಿವಿ ಡೀಸೆಲ್ ಟ್ಯಾಂಕ್ ಮೇಲೇ ಇರುತ್ತದೆ. ಸ್ನಾನಕ್ಕೆ ಹೋದರೆ ಬ್ಯಾಟರಿ ಚಿಂತೆ. ಅನ್‌ಲೋಡಿಂಗ್‌ಗೆ ಎರಡು ದಿನ ಕಾಯಿಸಿದರೆ ಗಾಡಿ ಬಿಟ್ಟು ಕದಲುವ ಹಾಗಿಲ್ಲ. ಕ್ಲೀನರ್ ಇದ್ದಾಗ ಇದೆಲ್ಲ ಅವನು ನೋಡಿಕೊಳ್ಳುತ್ತಿದ್ದ. ರಿವರ್ಸ್ ತೆಗೆಯುವಾಗ ಹಿಂದೆ ನಿಂತು "ಬರ್ಲಿ, ಬರ್ಲಿ" ಅನ್ನುತ್ತಿದ್ದ, ರಾತ್ರಿ ಮಾತಾಡಿಸಿ ಎಚ್ಚರ ಇಡುತ್ತಿದ್ದ. ಹಾಗೇ ಡ್ರೈವಿಂಗ್ ಕಲಿತು ಮುಂದೆ ಅವನೂ ಡ್ರೈವರ್ ಆಗುತ್ತಿದ್ದ. ಸೀಲ್ ಹಾಕಿದ ಕಂಟೇನರ್‌ಗೆ ತಾರ್ಪಾಲು, ಹಗ್ಗದ ಕೆಲಸ ಇಲ್ಲ. ಅದರ ಜೊತೆ ಕ್ಲೀನರೂ ಹೋದ.

ಇನ್ನೊಂದು ಬದಲಾವಣೆ ನೋಡಿ. 2017ರಲ್ಲಿ ಜಿಎಸ್‌ಟಿ ಬಂದು ರಾಜ್ಯದ ಗಡಿಗಳಲ್ಲಿದ್ದ ತೆರಿಗೆ ಚೆಕ್‌ಪೋಸ್ಟ್‌ಗಳು ಹೋದವು. 2021ರಲ್ಲಿ ಫಾಸ್ಟ್ಯಾಗ್ ಕಡ್ಡಾಯ ಆಯಿತು. ಒಳ್ಳೆಯದೇ ಆಯಿತು. ಆದರೆ ಅಪ್ಪ ಹೇಳುತ್ತಿದ್ದರು, ಚೆಕ್‌ಪೋಸ್ಟ್ ಕ್ಯೂನಲ್ಲಿ ಸಿಗುತ್ತಿದ್ದ ಮೂರು ಗಂಟೆ ನಿದ್ದೆಯಷ್ಟು ಸವಿ ನಿದ್ದೆ ಇನ್ನೆಲ್ಲೂ ಇಲ್ಲ ಅಂತ. ಆ ಕ್ಯೂ ಹೋಯಿತು. ಅದರ ಬದಲು ಡ್ರೈವರ್‌ಗೆ ಮಲಗಲು ಹೊತ್ತು ಕೊಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ನಮ್ಮ ಕಾನೂನು ಇದನ್ನು ಯೋಚಿಸಿಯೇ ಇಲ್ಲ ಅಂತಲ್ಲ. 1961ರ ಮೋಟಾರ್ ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ ಮಿತಿ ಹಾಕಿತ್ತು. ದೂರದ ದಾರಿಗೆ ಹೆಚ್ಚೆಂದರೆ ದಿನಕ್ಕೆ 10 ಗಂಟೆ. ಹೊರರಾಜ್ಯಗಳಿಗೂ ಹೋಗಬಲ್ಲ ನ್ಯಾಷನಲ್ ಪರ್ಮಿಟ್ ಗಾಡಿಯಲ್ಲಿ ಇಬ್ಬರು ಡ್ರೈವರ್ ಇರಲೇಬೇಕು, ಇನ್ನೊಬ್ಬ ಕಾಲು ಚಾಚಿ ಮಲಗಲು ಸೀಟ್ ಇರಬೇಕು ಅಂತಲೂ ಕೇಂದ್ರದ ನಿಯಮ ಇತ್ತು. 2018ರಲ್ಲಿ ಆ ಇಬ್ಬರ ಕಡ್ಡಾಯ ತೆಗೆದರು. ಮಾಲಿನ ಜೊತೆ ಇರಬೇಕಾದ ಜಿಎಸ್‌ಟಿ ಚೀಟಿ, ಅಂದರೆ ಇ-ವೇ ಬಿಲ್ ಕೂಡ 200 ಕಿ.ಮೀ.ಗೆ ಒಂದು ದಿನ ಅಂತ ಅವಧಿ ಕೊಡುತ್ತದೆ. ಆ ಲೆಕ್ಕದಲ್ಲಿ ದೆಹಲಿಗೆ 11 ದಿನ. ಅಂದರೆ ಎರಡೂವರೆ ದಿನದ ಅವಸರ ಸರ್ಕಾರದ್ದಲ್ಲ, ಮಾಲು ಕಳಿಸುವವರದ್ದು. ಅವಸರ ಅವರದ್ದಾದ ಮೇಲೆ ಅವರ ಜೊತೆ ಮಾತಾಡಬಹುದು. ಇದನ್ನು ನಿಮ್ಮ ಯಜಮಾನರಿಗೆ ಹೇಳಿ.

ಈಗ ಆ ಹುಡುಗನ ವಿಷಯ. ನನಗೆ ಅತಿ ಭಯ ಅನಿಸೋದು ಇಬ್ಬರೂ ನಿದ್ದೆ ಇಲ್ಲದೆ ಒಂದೇ ಗಾಡಿಯಲ್ಲಿ ಇರುವುದು. ಒಬ್ಬನೇ ಇದ್ದರೆ ತನಗೆ ಸುಸ್ತಾಗಿದೆ ಅಂತಾದರೂ ಗೊತ್ತಿರುತ್ತದೆ. ಇಬ್ಬರಿದ್ದಾಗ "ಅವನು ಮಲಗಿದ್ದನಲ್ಲ" ಅಂತ ಇವನು ನಂಬುತ್ತಾನೆ. "ನಾನು ಮಲಗಲಿಲ್ಲ" ಅಂತ ಹೇಳಲು ಅವನಿಗೆ ನಾಚಿಕೆ. ವಯಸ್ಸಿನ ಅಂತರ ಇದ್ದರೆ ಇನ್ನೂ ಕಷ್ಟ. ಹುಡುಗನಿಗೆ ಉಸ್ತಾದರ ಎದುರು ಸೋತೆ ಅನ್ನೋಕೆ ಆಗಲ್ಲ, ಉಸ್ತಾದರಿಗೆ ಹುಡುಗನ ಎದುರು ಆಗಲ್ಲ. ಸತತ 17 ಗಂಟೆ ಎಚ್ಚರ ಇದ್ದವನ ಕೈ ಕಣ್ಣು, ರಕ್ತದಲ್ಲಿ ಶೇ. 0.05 ಆಲ್ಕೋಹಾಲ್ ಇದ್ದವನ ಹಾಗೆ ನಿಧಾನ ಆಗಿರುತ್ತವೆ. ನಮ್ಮಲ್ಲಿ ಶೇ. 0.03 ದಾಟಿದರೇ ಕುಡಿದು ಓಡಿಸಿದ ಕೇಸು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡ್ ಕಣ್ಣು ಮುಚ್ಚಿದರೆ ಗಾಡಿ 50 ಮೀಟರ್ ಮುಂದೆ ಹೋಗಿರುತ್ತದೆ.

ಅದಕ್ಕೇ ಮೊದಲ ಟ್ರಿಪ್ಪಿಗೆ ಮುಂಚೆ ಅವರಿಬ್ಬರೂ ಒಂದು ಕಡೆ ಕೂತು ಮಾತಾಡಲಿ. ಒಂದೇ ಮಾತು ಮುಖ್ಯ: ಯಾರು "ಆಗಲ್ಲ" ಅಂದರೂ ಇನ್ನೊಬ್ಬ ಕಾರಣ ಕೇಳಬಾರದು. ಇಬ್ಬರಿಗೂ ಆಗಲ್ಲ ಅಂದರೆ ಗಾಡಿ ನಿಲ್ಲಬೇಕು. ರಾತ್ರಿ ಎರಡರಿಂದ ಐದು ಗಂಟೆವರೆಗೆ ಮನುಷ್ಯನ ಮೈ ತಾನಾಗಿಯೇ ನಿದ್ದೆಗೆ ಎಳೆಯುತ್ತದೆ. ಆ ಹೊತ್ತಿಗೆ ಬೆಳಕಿರುವ ಕಡೆ ಗಾಡಿ ಹಾಕಿ ಇಬ್ಬರೂ ಮಲಗಿದರೆ ದೆಹಲಿ ಹತ್ತು ಗಂಟೆ ತಡ ಆಗಬಹುದು, ಅಷ್ಟೇ. ಇದನ್ನು ಓನರ್ ಈಗಲೇ ಒಪ್ಪಬೇಕು. ಜಿಪಿಎಸ್ ನೋಡಿ ಮೂರು ಗಂಟೆಗೆ ಫೋನ್ ಮಾಡಿ "ಯಾಕೆ ನಿಂತಿದೆ" ಅಂತ ಕೇಳುವ ಹಾಗಿದ್ದರೆ ಆ ಲೈನ್ ಬೇಡ ಅನ್ನುತ್ತೇನೆ.

ಸೀಟ್ ಬದಲಾಯಿಸುವಾಗಲೂ ಅವಸರ ಬೇಡ. ನಿದ್ದೆಯಿಂದ ಎದ್ದ ಮೇಲೆ ಕಾಲು ಗಂಟೆಯಿಂದ ಅರ್ಧ ಗಂಟೆ ತಲೆ ಮಂಕಾಗಿರುತ್ತದೆ. ನಾನು ಹೋದ ಗಾಡಿಯಲ್ಲಿ ಒಂದು ಒಳ್ಳೆ ಪದ್ಧತಿ ನೋಡಿದೆ. ಎದ್ದವನು ಕೆಳಗಿಳಿದು ಟೈರ್ ತಟ್ಟಿ ನೋಡುತ್ತಿದ್ದ. ಆಮೇಲೆ ಇಬ್ಬರೂ ಟೀ ಕುಡಿಯುತ್ತಿದ್ದರು. ಆಮೇಲೆಯೇ ಕೀ ಕೈ ಬದಲಾಗುತ್ತಿತ್ತು.

ಶುಗರ್ ಇರೋದರಿಂದ ಊಟದ ಹೊತ್ತು, ಮಾತ್ರೆಯ ಹೊತ್ತು ಆ ಹುಡುಗನಿಗೂ ಗೊತ್ತಿರಬೇಕು. ಒಬ್ಬರೇ ಇದ್ದಾಗ ಬೇಕೆಂದ ಕಡೆ ನಿಲ್ಲಿಸುತ್ತಿದ್ದರು. ಈಗ ನಿಲ್ಲಿಸಲು ಇನ್ನೊಬ್ಬನನ್ನು ಕೇಳಬೇಕು. ಮೂತ್ರಕ್ಕೆ ಪದೇ ಪದೇ ನಿಲ್ಲಿಸಲು ಸಂಕೋಚಪಟ್ಟು ನೀರೇ ಕುಡಿಯದವರನ್ನು ನಾನು ಕಂಡಿದ್ದೇನೆ. ಅದು ಬೇಡ. ರಾತ್ರಿ ಪಾಳಿಯಲ್ಲಿ ಮಾತ್ರೆ ಯಾವಾಗ ತಗೋಬೇಕು ಅಂತ ಹೊರಡುವ ಮೊದಲೇ ಡಾಕ್ಟರ್ ಹತ್ತಿರ ಕೇಳಿಸಿ. ಶುಗರ್ ಇಳಿದರೆ ಏನು ಮಾಡಬೇಕು ಅಂತ ಹುಡುಗನಿಗೆ ಹೇಳಿಕೊಡಲಿ.

ಗಾಡಿಯನ್ನೂ ಹತ್ತಿ ನೋಡಲಿ. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ. ಗಾಡಿ ಅದಕ್ಕಿಂತ ಹಳೇದಾಗಿದ್ದು ಎಸಿ ಇಲ್ಲದಿದ್ದರೆ, ಮೇ ತಿಂಗಳಲ್ಲಿ ನಾಗಪುರದ ಹಗಲಲ್ಲಿ ಹಿಂದೆ ಮಲಗುವ ಮಾತೇ ಇಲ್ಲ. ಮಲಗುವ ಜಾಗದಲ್ಲಿ ಬೆಲ್ಟ್ ಇದೆಯಾ ನೋಡಲಿ. ಅಮೆರಿಕದಲ್ಲಿ ಅಲ್ಲಿಗೂ ಬೆಲ್ಟೋ ಬಲೆಯೋ ಇರಲೇಬೇಕು. ನಮ್ಮಲ್ಲಿ ಜೋರು ಬ್ರೇಕ್ ಬಿದ್ದರೆ ಮಲಗಿದವನು ನೇರ ಮುಂದಿನ ಸೀಟಿಗೆ.

ಇನ್ನು ಹಣದ ಮಾತು. ಸಂಬಳ, ಬತ್ತಾ ಇಬ್ಬರಿಗೂ ಬೇರೆ ಬೇರೆ ಬರಬೇಕು. ಒಬ್ಬರ ಕೈಗೆ ಕೊಟ್ಟು ಹಂಚಿಕೊಳ್ಳಿ ಅಂದರೆ ಜಗಳ ಖಂಡಿತ. ಡೀಸೆಲ್ ಜಾಸ್ತಿ ಸುಟ್ಟರೆ ದುಡ್ಡು ಹಿಡಿಯುವ ಮೈಲೇಜ್ ಕಟ್ ಇನ್ನೊಂದು ತಲೆನೋವು. ಒಬ್ಬ ಆಕ್ಸಿಲರೇಟರ್ ತುಳಿದರೆ ಇಬ್ಬರಿಗೂ ಹಿಡಿಯುತ್ತಾರೆ. ವಿಮೆ ಪಾಲಿಸಿಯಲ್ಲಿ ಎಷ್ಟು ಜನ ಸಿಬ್ಬಂದಿಗೆ ಪ್ರೀಮಿಯಂ ಕಟ್ಟಿದ್ದಾರೆ ಅಂತ ಕೇಳಲಿ, ಇಬ್ಬರೂ ಸೇರಿರಬೇಕು. ಸೀಟ್ ಬದಲಾದಾಗೆಲ್ಲ ಊರು, ಸಮಯ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ದೇವರು ದೊಡ್ಡವನು, ಏನೂ ಆಗದಿರಲಿ. ಆದರೂ ಏನಾದರೂ ಆದರೆ ಆಗ ಓಡಿಸುತ್ತಿದ್ದವರು ಯಾರು ಅನ್ನೋದೇ ಮೊದಲ ಪ್ರಶ್ನೆ ಆಗುತ್ತದೆ.

ಮೂರನೇ ದಾರಿಯೊಂದೂ ಇದೆ, ರಿಲೇ. 2014ರಲ್ಲಿ ಶುರುವಾದ ರಿವಿಗೋ ಕಂಪನಿ ನಮ್ಮ ದೇಶದಲ್ಲಿ ಇದನ್ನು ದೊಡ್ಡದಾಗಿ ಮಾಡಿ ತೋರಿಸಿತು. ಒಬ್ಬ ಡ್ರೈವರ್ ನಾಲ್ಕೈದು ಗಂಟೆ ಓಡಿಸಿ ಗಾಡಿಯನ್ನು ಮುಂದಿನವನಿಗೆ ಕೊಡುತ್ತಾನೆ. ಆ ಕಡೆಯಿಂದ ಬಂದ ಇನ್ನೊಂದು ಗಾಡಿ ಹಿಡಿದು ಮನೆಗೆ ವಾಪಸ್. ಗಾಡಿಗೆ ನಿದ್ದೆ ಇಲ್ಲ, ಡ್ರೈವರ್‌ಗೆ ಇದೆ. ಹಿರಿಯೂರು ಹೆದ್ದಾರಿ ಮೇಲೇ ಇರೋದರಿಂದ ಅಂಥ ಲೈನ್ ಎಲ್ಲಾದರೂ ಸಿಗುತ್ತಾ ಅಂತ ವಿಚಾರಿಸಲಿ. ನಾನಾಗಿದ್ದರೆ ದುಡ್ಡು ಸ್ವಲ್ಪ ಕಡಿಮೆಯಾದರೂ ಅದನ್ನೇ ಹಿಡಿಯುತ್ತಿದ್ದೆ.

ಅದು ಸಿಗದಿದ್ದರೆ ಈ ಲೈನಿಗೆ ಎರಡು ಟ್ರಿಪ್ ಹೋಗಿ ನೋಡಲಿ. ಎರಡನೇ ಟ್ರಿಪ್‌ನಲ್ಲೂ ಹಿಂದೆ ಮಲಗಿದಾಗ ಕಣ್ಣು ಹತ್ತದಿದ್ದರೆ ಓನರ್‌ಗೆ ನೇರವಾಗಿ ಹೇಳಿ ಹಳೇ ಗಾಡಿಗೆ ಬರಲಿ. ಅದರಲ್ಲಿ ಅವಮಾನ ಏನೂ ಇಲ್ಲ. ಆಗ ಒಬ್ಬರೇ ಓಡಿಸಿದರೂ ರಾತ್ರಿ ಹನ್ನೆರಡರ ಮೇಲೆ ಓಡಿಸಲ್ಲ ಅಂತ ನಿಮಗೆ ಮಾತು ಕೊಡಲಿ. ಇಷ್ಟು ವರ್ಷ ಕೆಲಸ ಮಾಡಿದವರಿಗೆ ಅಷ್ಟು ಕೇಳುವ ಹಕ್ಕಿದೆ.

ನಿಮಗೂ ಒಂದು ಮಾತು. ಡಬಲ್ ಡ್ರೈವರ್ ಆದರೆ ಅವರು ಹಗಲಲ್ಲೂ ಮಲಗಿರುತ್ತಾರೆ. ಊಟ ಆಯ್ತಾ ಅಂತ ನೀವು ಮಾಡುವ ಮಧ್ಯಾಹ್ನದ ಫೋನ್ ಅವರ ನಿದ್ದೆ ಕೆಡಿಸಬಹುದು. ಸೀಟ್ ಬದಲಾಗುವಾಗ ಟೀ ಕುಡಿಯುತ್ತಾ ಅವರೇ ನಿಮಗೆ ಫೋನ್ ಮಾಡಲಿ. ಆ ಹುಡುಗನ ನಂಬರ್ ತಗೊಂಡಿರಿ. ಅವನ ತಾಯಿಯ ನಂಬರ್ ಕೂಡ ಇಟ್ಟುಕೊಳ್ಳಿ. ಅವರೂ ಎಲ್ಲೋ ಎದ್ದು ಕೂತಿರುತ್ತಾರೆ.