‘ಒಂದು ಎಕ್ಸ್ ಹೆಚ್ಚಾದರೆ’ ಲೇಖನದ ಬಗ್ಗೆ ಲೇಖಕರಿಗೆ

ನಮಸ್ಕಾರ.

ಲಿಂಗ ವರ್ಣತಂತುಗಳ (ಎಕ್ಸ್, ವೈ ಕ್ರೋಮೋಸೋಮ್‌ಗಳ) ಏರುಪೇರಿಗೂ ಸ್ಕಿಜೋಫ್ರೀನಿಯಾ ಎಂಬ ಮಾನಸಿಕ ಕಾಯಿಲೆಗೂ ಇರುವ ನಂಟಿನ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ಬೇಕಾದದ್ದು, ನಿಮ್ಮ ಓದೂ ಗಟ್ಟಿಯಾಗಿದೆ. ತಿದ್ದಿದರೆ ನಿಲ್ಲುತ್ತದೆ.

ತೊಡಕು ಮೊದಲ ಪುಟದಲ್ಲೇ ಇದೆ. ‘ಕ್ಲೈನ್‌ಫೆಲ್ಟರ್ (ಅಂದರೆ ಒಂದು ಎಕ್ಸ್ ಹೆಚ್ಚಿರುವ ಸ್ಥಿತಿ, 47,ಎಕ್ಸ್‌ಎಕ್ಸ್‌ವೈ) ಇರುವ ಗಂಡಸರಿಗೆ ಈ ಕಾಯಿಲೆ ಬರುವ ಸಂಭವ ನಾಲ್ಕು ಪಟ್ಟು’ ಎಂದು ಬರೆದು, ಮರುಸಾಲಿನಲ್ಲೇ ‘ಹಾಗಾಗಿ ಕಾಯಿಲೆಯ ಮೂಲ ಎಕ್ಸ್ ವರ್ಣತಂತುವಿನಲ್ಲಿದೆ’ ಎಂದಿದ್ದೀರಿ. ಮೊದಲ ಮಾತು ಸರಿ. 2014ರ ಸ್ವೀಡನ್ ಅಧ್ಯಯನದಲ್ಲಿ ಸಿಕ್ಕಿದ್ದು ಹೆಚ್ಚುಕಡಿಮೆ ಅಷ್ಟೇ. ಎರಡನೆಯದಕ್ಕೆ ಆಧಾರವಿಲ್ಲ. ‘ಪಟ್ಟು’ ಎಂಬ ಪದವನ್ನು ಒಂಟಿಯಾಗಿ ಬಿಡಬೇಡಿ, ಪಕ್ಕದಲ್ಲೇ ಲೆಕ್ಕ ಕೊಡಿ. ಜೀವಮಾನದಲ್ಲಿ ಸ್ಕಿಜೋಫ್ರೀನಿಯಾ ಬರುವುದು ಸುಮಾರು 100ರಲ್ಲಿ ಒಬ್ಬರಿಗೆ. ನಾಲ್ಕು ಪಟ್ಟು ಎಂದರೆ 100ರಲ್ಲಿ ನಾಲ್ವರಿಗೆ. 96 ಮಂದಿಗೆ ಬರುವುದಿಲ್ಲ. ಈಗ ಲೆಕ್ಕವನ್ನು ತಿರುಗಿಸಿ ನೋಡಿ. ಸುಮಾರು 600 ಗಂಡುಮಕ್ಕಳಲ್ಲಿ ಒಬ್ಬನಿಗೆ 47,ಎಕ್ಸ್‌ಎಕ್ಸ್‌ವೈ ಇರುತ್ತದೆ. ಕಾಯಿಲೆ ಇರುವವರಲ್ಲಿ ಆ ಪ್ರಮಾಣ ನಾಲ್ಕು ಪಟ್ಟಾದರೂ, ಕಾಯಿಲೆ ಇರುವ 150 ಗಂಡಸರಲ್ಲಿ ಒಬ್ಬನಿಗೆ ಮಾತ್ರ. ಉಳಿದ 149 ಮಂದಿಯ ಕಾಯಿಲೆಗೆ ಹೆಚ್ಚುವರಿ ಎಕ್ಸ್ ಹೇಗೆ ಮೂಲವಾದೀತು? ಅದೇ ಸ್ವೀಡನ್ ಅಧ್ಯಯನದಲ್ಲಿ ಆಟಿಸಂ ಮತ್ತು ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಸಂಭವ ಇನ್ನೂ ಹೆಚ್ಚಾಗಿ ಕಂಡಿತ್ತು. ಅದನ್ನು ನೀವು ಕೈಬಿಟ್ಟಿದ್ದೀರಿ. ಅದು ಸೇರಿದರೆ ಚಿತ್ರವೇ ಬದಲಾಗುತ್ತದೆ: ಈ ನಂಟು ಸ್ಕಿಜೋಫ್ರೀನಿಯಾ ಒಂದಕ್ಕೇ ಮೀಸಲಲ್ಲ.

ಮುಂದಿನದು ಸ್ಯಾಂಪಲ್ ಪ್ರಶ್ನೆ. ಲೇಖನದಲ್ಲಿ ಇದರ ಸುಳಿವೇ ಇಲ್ಲ. ಎಕ್ಸ್‌ಎಕ್ಸ್‌ವೈ ಇರುವವರಲ್ಲಿ ಹೆಚ್ಚಿನವರಿಗೆ ಅದು ಇದೆಯೆಂದೇ ಗೊತ್ತಾಗುವುದಿಲ್ಲ. ಡೆನ್ಮಾರ್ಕ್‌ನ ಅಂದಾಜಿನಂತೆ ಪತ್ತೆಯಾಗುವುದು ಕಾಲುಭಾಗ. ಮಾತು ತಡವಾದವರು, ಕಲಿಕೆಯಲ್ಲಿ ಹಿಂದೆ ಬಿದ್ದವರು, ಮಕ್ಕಳಾಗಲಿಲ್ಲವೆಂದು ವೈದ್ಯರ ಬಳಿ ಹೋದವರು ಲೆಕ್ಕಕ್ಕೆ ಸಿಗುತ್ತಾರೆ. ಆರಾಮವಾಗಿರುವವರು ಸಿಗುವುದಿಲ್ಲ. ಹಾಗಾಗಿ ಆಸ್ಪತ್ರೆ ದಾಖಲೆಯಿಂದ ಬಂದ ‘ಪಟ್ಟು’ ನಿಜಕ್ಕಿಂತ ಉಬ್ಬಿರುವ ಸಾಧ್ಯತೆ ಇದೆ. ಹುಟ್ಟಿದ ಕೂಡಲೇ ಎಲ್ಲ ಮಕ್ಕಳನ್ನೂ ಪರೀಕ್ಷಿಸಿದರೆ ಈ ತೊಂದರೆ ತಪ್ಪುತ್ತದೆ, ಆದರೆ 60,000 ಗಂಡುಶಿಶುಗಳನ್ನು ಪರೀಕ್ಷಿಸಿದರೆ ಸಿಗುವುದು ನೂರು ಎಕ್ಸ್‌ಎಕ್ಸ್‌ವೈ. ಅವರಲ್ಲಿ ನಾಲ್ವರಿಗೆ ಕಾಯಿಲೆ ಬರುತ್ತದೋ ಇಲ್ಲವೋ ತಿಳಿಯಲು ಇಪ್ಪತ್ತೈದು ಮೂವತ್ತು ವರ್ಷ ಕಾಯಬೇಕು. ಈ ಸಂಶೋಧನೆ ಯಾಕಿಷ್ಟು ನಿಧಾನ ಎಂದು ಓದುಗರಿಗೆ ತಿಳಿಸಲು ಈ ಒಂದು ಲೆಕ್ಕ ಸಾಕು.

ಮೂರನೇ ಪುಟದಲ್ಲಿ, ‘ರೋಗಿಯ 20 ಕೋಶಗಳಲ್ಲಿ ಎರಡರಲ್ಲಿ ಒಂದು ಎಕ್ಸ್ ಇರಲಿಲ್ಲ’ ಎಂಬುದನ್ನೇ ಪುರಾವೆಯಾಗಿ ಕೊಟ್ಟಿದ್ದೀರಿ. ಪ್ರಯೋಗಾಲಯದಲ್ಲಿ ನಡೆಯುವುದನ್ನು ಗಮನಿಸಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಟ್ಯೂಬಿನಲ್ಲಿ ರಕ್ತ ತೆಗೆಯುತ್ತಾರೆ, ಸುಮಾರು 72 ಗಂಟೆ ಬಿಳಿರಕ್ತಕಣಗಳನ್ನು ಬೆಳೆಸುತ್ತಾರೆ, ವಿಭಜನೆಯ ನಡುವೆ ಕಾಲ್ಸೆಮಿಡ್ ಎಂಬ ರಾಸಾಯನಿಕ ಹಾಕಿ ತಡೆಯುತ್ತಾರೆ, ಉಪ್ಪಿನಂಶ ಕಡಿಮೆಯಿರುವ ದ್ರಾವಣದಲ್ಲಿ ಕೋಶಗಳನ್ನು ಉಬ್ಬಿಸಿ, ಬಣ್ಣ ಕಟ್ಟಿ ಎಣಿಸುತ್ತಾರೆ. ಕೋಶ ಒಡೆದು ಹರಡುವಾಗ ಒಂದು ವರ್ಣತಂತು ಸರಿದುಹೋಗುವುದು ಹೊಸದಲ್ಲ. ಅದಕ್ಕಿಂತ ಮುಖ್ಯವಾದದ್ದು, ವಯಸ್ಸಾದಂತೆ ಹೆಂಗಸರ ರಕ್ತಕಣಗಳು ಎಕ್ಸ್ ಅನ್ನೂ ಗಂಡಸರ ರಕ್ತಕಣಗಳು ವೈ ಅನ್ನೂ ಕಳೆದುಕೊಳ್ಳುತ್ತಾ ಹೋಗುತ್ತವೆ, ಕಾಯಿಲೆ ಇರಲಿ ಬಿಡಲಿ. ಅದೇ ವಯಸ್ಸಿನ ಆರೋಗ್ಯವಂತರ ಎಣಿಕೆ ಪಕ್ಕದಲ್ಲಿಲ್ಲದಿದ್ದರೆ ಆ ಎರಡು ಕೋಶಗಳಿಂದ ಏನೂ ತಿಳಿಯುವುದಿಲ್ಲ. ರೋಗಿಯ ವಯಸ್ಸನ್ನೂ ನೀವು ಬರೆದಿಲ್ಲ.

‘ಹೆಚ್ಚುವರಿ ಎಕ್ಸ್ ಬಾರ್ ಕಾಯವಾಗಿ ಸುಮ್ಮನಾಗುತ್ತದೆ’ ಎಂಬ ಸಾಲು ನಿಮ್ಮ ವಾದಕ್ಕೇ ಅಡ್ಡಬರುತ್ತದೆ (ಬಾರ್ ಕಾಯ ಎಂದರೆ ಕೋಶದೊಳಗೆ ಮುದುರಿಕೊಂಡ ಎಕ್ಸ್). ಸುಮ್ಮನಾದ ಎಕ್ಸ್ ಕಾಯಿಲೆ ತರುವುದಾದರೂ ಹೇಗೆ? ನಿಜವಾಗಿ ಅದು ಪೂರ್ತಿ ಸುಮ್ಮನಾಗುವುದಿಲ್ಲ: ಸುಮಾರು 15 ಶೇಕಡಾ ಜೀನ್‌ಗಳು ಕೆಲಸ ಮುಂದುವರಿಸುತ್ತವೆ. ಕುತೂಹಲ ಇರುವುದು ಅಲ್ಲೇ. ಆ ಪ್ಯಾರಾ ಬೆಳೆಸಿ.

ಎಕ್ಸ್‌ವೈವೈ (ಒಂದು ವೈ ಹೆಚ್ಚಿರುವ ಗಂಡಸರು) ಮತ್ತು ಅಪರಾಧದ ಪ್ಯಾರಾ ತೆಗೆದುಬಿಡಿ. 1965ರ ವರದಿ ಸ್ಕಾಟ್ಲೆಂಡಿನ ಬಿಗಿಭದ್ರತೆಯ ಆಸ್ಪತ್ರೆಯೊಂದರ ಒಳಗಿದ್ದವರನ್ನು ಮಾತ್ರ ಎಣಿಸಿತ್ತು. 1976ರ ಡೆನ್ಮಾರ್ಕ್ ಅಧ್ಯಯನದಲ್ಲಿ ಎಕ್ಸ್‌ವೈವೈ ಇರುವವರು ಹೆಚ್ಚು ಹಿಂಸೆ ಮಾಡುತ್ತಾರೆಂಬುದಕ್ಕೆ ಪುರಾವೆ ಸಿಗಲಿಲ್ಲ.

‘ದೋಷಪೂರಿತ ಹುಟ್ಟು’, ‘ಹುಚ್ಚರು’ ಎಂಬ ಮಾತುಗಳು ಹೋಗಲೇಬೇಕು. ಗರ್ಭಜಲ ಪರೀಕ್ಷೆಯ ವರದಿಯಲ್ಲಿ 47,ಎಕ್ಸ್‌ಎಕ್ಸ್‌ವೈ ಎಂದು ನೋಡಿದ ತಾಯಿ ಅರ್ಧರಾತ್ರಿ ಈ ಲೇಖನ ಓದುತ್ತಾಳೆ. ಅವಳ ಮಗುವಿನ ಬಗ್ಗೆ ನೀವು ಬರೆಯುತ್ತಿದ್ದೀರಿ.

ಕೊನೆಯಲ್ಲಿ ‘ಪ್ರತಿ ರೋಗಿಗೂ ವರ್ಣತಂತು ಪರೀಕ್ಷೆ ಆಗಬೇಕು’ ಎಂದಿರುವಲ್ಲಿ, ಯಾರಿಗೆ ಆಗಬೇಕೆಂದು ಬರೆಯಿರಿ: ಎತ್ತರದ ನಿಲುವು, ಚಿಕ್ಕ ವೃಷಣ, ಮಕ್ಕಳಾಗದಿರುವುದು, ಬಾಲ್ಯದಲ್ಲಿ ಮಾತಿನ ತೊಂದರೆ ಇರುವ ಗಂಡಸರಿಗೆ, ತೀರಾ ಗಿಡ್ಡಗಿದ್ದು ಮುಟ್ಟು ಶುರುವಾಗದ ಹುಡುಗಿಯರಿಗೆ (ಅವರಲ್ಲಿ ಒಂದು ಎಕ್ಸ್ ಕಡಿಮೆ ಇರುವ ಸಾಧ್ಯತೆ ಇದೆ). ತಿದ್ದಿ ಕಳಿಸುವಾಗ ಆ 96 ಮಂದಿಯ ಲೆಕ್ಕವನ್ನು ಮೊದಲ ಪ್ಯಾರಾಕ್ಕೆ ತನ್ನಿ.