ಮಾಡದ ಲ್ಯಾಬಿಗೆ ಹಾಕಿದ ಸಹಿ

ಮೇಡಂ, ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ರಾಯಚೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಫಿಸಿಕ್ಸ್ ಹೇಳಿಕೊಡುತ್ತೀರಿ. 2021ರ ಏಪ್ರಿಲ್ ಕೊನೆಗೆ, ಕೊರೊನಾದ ಎರಡನೇ ಅಲೆಯಲ್ಲಿ ಎಲ್ಲ ಬಂದ್ ಆದಾಗ ಪಾಠದ ಜೊತೆ ಲ್ಯಾಬ್ ಕೂಡ ಗೂಗಲ್ ಮೀಟ್‌ಗೆ ಹೋಯಿತು. ವಿಡಿಯೊ ತೋರಿಸಿದಿರಿ, ರೀಡಿಂಗ್ ಬರೆಸಿದಿರಿ, ರೆಕಾರ್ಡಿಗೆ ಸಹಿ ಹಾಕಿದಿರಿ. ಆ ಬ್ಯಾಚಿನ ಹುಡುಗನೊಬ್ಬ ಈಚೆಗೆ ಸಿಕ್ಕು, "ಇಂಟರ್ವ್ಯೂದಲ್ಲಿ ಮಲ್ಟಿಮೀಟರ್ ಕೈಗೆ ಕೊಟ್ರು ಮೇಡಂ, ಯಾವ ವೈರ್ ಎಲ್ಲಿಗೆ ಹಾಕೋದು ಗೊತ್ತಾಗಲಿಲ್ಲ" ಅಂದನಂತೆ. ವೋಲ್ಟೇಜ್, ಕರೆಂಟ್ ಅಳೆಯುವ ಸಾದಾ ಮೀಟರ್ ಅದು. ತಪ್ಪು ನನ್ನದಾ, ಮತ್ತೆ ಅಂಥ ಕಾಲ ಬಂದರೆ ಏನು ಮಾಡಲಿ ಅಂತ ಕೇಳಿದ್ದೀರಿ.

ನೇರವಾಗಿ ಹೇಳುತ್ತೇನೆ. ಮಾಡದ ಲ್ಯಾಬಿಗೆ ಸಹಿ ಹಾಕಿದ್ದು ತಪ್ಪೇ. ಆದರೆ ನಿಮ್ಮೊಬ್ಬರ ತಪ್ಪಲ್ಲ. ಇಂಟರ್ನಲ್ ಮಾರ್ಕ್ಸ್ ಕಳಿಸಿ ಅಂತ ಮೇಲಿನವರು ಕೂತಿದ್ದರು, ಮನೆಮನೆಯಲ್ಲೂ ಕಾಯಿಲೆ ಇತ್ತು. ನನ್ನ ಅಣ್ಣನ ಮಗಳು ಆಗ ಸಿರುಗುಪ್ಪ ಹತ್ತಿರದ ನಮ್ಮೂರಲ್ಲಿದ್ದಳು. ನೆಟ್‌ವರ್ಕ್ ಬೇಕಂದ್ರೆ ಮಾಳಿಗೆ ಹತ್ತಬೇಕು. ಮೇ ಬಿಸಿಲಲ್ಲಿ ತಲೆಗೆ ಟವೆಲ್ ಹಾಕಿಕೊಂಡು, ನಡುನಡುವೆ ನಿಂತುಹೋಗುವ ವಿಡಿಯೊದಲ್ಲಿ ಯಾರೋ ಸರ್ಕ್ಯೂಟ್ ಜೋಡಿಸುವುದನ್ನು ನೋಡುತ್ತಿದ್ದಳು. ಅವಳ ಕೈಗೆ ಒಂದು ವೈರೂ ಸಿಗಲಿಲ್ಲ.

ಕೊರತೆ ಆಗಿದ್ದು ಅಲ್ಲೇ ಅಲ್ವಾ? ಸಿಮ್ಯುಲೇಶನ್‌ನಲ್ಲಿ ಒಂದು ಕಿಲೊಓಮ್ ರೆಸಿಸ್ಟರ್ (ಕರೆಂಟ್ ತಡೆಯುವ ಬಿಡಿಭಾಗ) ಇಟ್ಟರೆ ಸರಿಯಾಗಿ 1,000 ಓಮ್ ಬರುತ್ತದೆ. ಅಂಗಡಿಯಲ್ಲಿ ತಂದ, ಬಂಗಾರದ ಪಟ್ಟಿ ಇರುವ ರೆಸಿಸ್ಟರ್ 950ರಿಂದ 1,050ರ ನಡುವೆ ಎಲ್ಲಾದರೂ ಇರಬಹುದು, ಯಾಕಂದ್ರೆ ಆ ಪಟ್ಟಿಯ ಅರ್ಥವೇ ಐದು ಪರ್ಸೆಂಟ್ ಹೆಚ್ಚುಕಮ್ಮಿ ಅಂತ. ತೂತುಗಳಿಗೆ ವೈರ್ ಸಿಕ್ಕಿಸಿ ಸರ್ಕ್ಯೂಟ್ ಜೋಡಿಸುವ ಬ್ರೆಡ್‌ಬೋರ್ಡಿನಲ್ಲಿ ವೈರ್ ಸಡಿಲ ಆದರೆ ಎಲ್‌ಇಡಿ ಹತ್ತಲ್ಲ, ಯಾಕೆ ಅಂತ ಹುಡುಕುತ್ತ ಅರ್ಧ ಗಂಟೆ ಹೋಗುತ್ತದೆ. ಆ ಅರ್ಧ ಗಂಟೆಯೇ ನಿಜವಾದ ಲ್ಯಾಬ್. ಮಲ್ಟಿಮೀಟರಿನ ವೈರನ್ನು ಕರೆಂಟ್ ಅಳೆಯುವ ತೂತಿನಲ್ಲೇ ಉಳಿಸಿ, ಬ್ಯಾಟರಿಯ ಎರಡೂ ತುದಿಗೆ ಮುಟ್ಟಿಸಿ ಮೀಟರಿನ ಫ್ಯೂಸ್ ಹಾರಿಸಿಕೊಂಡವನು ಅದನ್ನು ಜೀವಮಾನದಲ್ಲಿ ಮರೆಯಲ್ಲ. ಈ ಪಾಠ ವಿಡಿಯೊದಲ್ಲಿ ಸಿಗುವುದಿಲ್ಲ.

ಹಾಗಾಗಿ ಮುಂದೆ ಕಾಲೇಜು ಮುಚ್ಚಿದರೆ ಲ್ಯಾಬನ್ನು ಪರದೆ ಮೇಲೆ ತೋರಿಸಬೇಡಿ, ಮನೆಗೆ ಕಳಿಸಿ. ಒಂದು ಬ್ರೆಡ್‌ಬೋರ್ಡ್, ಒಂಬತ್ತು ವೋಲ್ಟ್ ಬ್ಯಾಟರಿ, ನಾಲ್ಕು ರೆಸಿಸ್ಟರ್, ಎರಡು ಎಲ್‌ಇಡಿ, ಒಂದು ಸಾದಾ ಮಲ್ಟಿಮೀಟರ್. ಎಲ್ಲ ಸೇರಿ ಕೆಲವು ನೂರು ರೂಪಾಯಿ. ಕೊಪ್ಪಳದ ಕಡೆ ಹಳ್ಳಿಯ ಹುಡುಗರಿಗೆ ಅದೂ ಭಾರ, ಆದ್ದರಿಂದ ಕಾಲೇಜೇ ಕೊಡಬೇಕು. ಲ್ಯಾಬ್ ಫೀ ಅಂತ ತಗೊಂಡಿರುತ್ತಾರಲ್ಲ.

ದುಡ್ಡೇ ಬೇಡದ ಪ್ರಯೋಗವೂ ಇದೆ. ದಾರಕ್ಕೆ ಕಲ್ಲು ಕಟ್ಟಿ ಲೋಲಕ ಮಾಡಿಸಿ. ಒಂದು ಮೀಟರ್ ದಾರ ಇದ್ದರೆ ಇಪ್ಪತ್ತು ತೂಗಿಗೆ (ಹೋಗಿ ಬಂದರೆ ಒಂದು) ಸುಮಾರು ನಲವತ್ತು ಸೆಕೆಂಡು. ಆದರೆ ಎಲ್ಲರಿಗೂ ಒಂದೇ ಉದ್ದ ಕೊಡಬೇಡಿ, ಒಬ್ಬೊಬ್ಬರಿಗೆ ಒಂದೊಂದು ಕೊಡಿ. ಒಬ್ಬನಿಗೆ 30 ಸೆಂಟಿಮೀಟರ್, ಇನ್ನೊಬ್ಬಳಿಗೆ 75. ಕಾಪಿ ಮಾಡೋಕೆ ದಾರಿಯೇ ಇಲ್ಲ. ಅರವತ್ತು ಜನ ಕಳಿಸಿದ ಅರವತ್ತು ಚುಕ್ಕೆಗಳನ್ನು ಒಂದೇ ಗ್ರಾಫಿಗೆ ಹಾಕಿ. ಅಡ್ಡಕ್ಕೆ ಉದ್ದ, ಮೇಲಕ್ಕೆ ಒಂದು ತೂಗಿನ ಕಾಲದ ವರ್ಗ. ಗೆರೆಯ ಇಳಿಜಾರು ಮೀಟರಿಗೆ ನಾಲ್ಕರ ಹತ್ತಿರ ಬರಬೇಕು, 4π²ನ್ನು ಅದರಿಂದ ಭಾಗಿಸಿದರೆ ಗುರುತ್ವದ 9.8 ಸಿಗುತ್ತದೆ. ಗೆರೆ ಬಿಟ್ಟು ದೂರ ಕೂತ ಚುಕ್ಕೆ ಯಾರದ್ದೋ ಅವರಿಗೆ ಫೋನ್ ಮಾಡಿ ಮಾತಾಡಿ. ಗಂಟಿನವರೆಗೆ ಅಳೆದು ಕಲ್ಲಿನ ನಡುಭಾಗ ಬಿಟ್ಟಿರುತ್ತಾರೆ, ಇಲ್ಲವೇ ಹೋಗಿ ಬರುವುದನ್ನು ಎರಡು ಅಂತ ಎಣಿಸಿರುತ್ತಾರೆ. ವೈವಾ, ಅಂದರೆ ಬಾಯಿಪರೀಕ್ಷೆ, ಅದೇ.

ಥಿಯರಿಗೆ ಮೂರು ತಾಸು ಲೈವ್ ಬೇಡವೇ ಬೇಡ. ಹತ್ತು ನಿಮಿಷದ ಆಡಿಯೊ, ಕೈಬರಹದ ಎರಡು ಪುಟದ ಫೋಟೊ ವಾಟ್ಸಾಪಿನಲ್ಲಿ ಹಾಕಿ. ರಾತ್ರಿ ನೆಟ್‌ವರ್ಕ್ ಸಿಕ್ಕಾಗ ಇಳಿಸಿಕೊಳ್ಳುತ್ತಾರೆ. ದೊಡ್ಡ ಪಾಠ ಬೇಕಾದವರಿಗೆ ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್ ಆನ್‌ಲೈನ್ ಪಾಠಗಳು ಇದ್ದೇ ಇವೆ.

ಲೇಥ್ ಕೆಲಸ, ಕಬ್ಬಿಣದ ಸರಳು ಎಳೆದು ಮುರಿಯೋದು, 28 ದಿನ ನೀರಲ್ಲಿಟ್ಟ ಕಾಂಕ್ರೀಟ್ ಕ್ಯೂಬ್ ಒಡೆಯೋದು, ಇವು ಮನೆಯಲ್ಲಿ ಆಗಲ್ಲ. ಅವನ್ನು ಬಾಕಿ ಇಡಿ. ಕಾಲೇಜು ತೆರೆದ ಮೇಲೆ ಎರಡು ವಾರ ಬರೀ ಲ್ಯಾಬ್ ನಡೆಸಿ, ಮಾರ್ಕ್ಸ್ ಆಮೇಲೆ ಕೊಡಿ. ತಡವಾದರೆ ಆಗಲಿ ಅಂತ ನೀವು ಉಪನ್ಯಾಸಕರೆಲ್ಲ ಒಟ್ಟಿಗೆ ಬರೆದುಕೊಡಿ. ಒಬ್ಬರೇ ಬರೆದರೆ ಯಾರೂ ಕೇಳಲ್ಲ.

ಇನ್ನು ಆ ಹುಡುಗ. ಅವನ ನಂಬರ್ ಇದ್ದರೆ ಒಂದು ಶನಿವಾರ ಮಧ್ಯಾಹ್ನ ಲ್ಯಾಬಿಗೆ ಕರೆಯಿರಿ, ಜೊತೆಯವರು ಯಾರಾದರೂ ಬಂದರೆ ಬರಲಿ. ಮಲ್ಟಿಮೀಟರ್ ಅವನ ಕೈಗೆ ಕೊಟ್ಟು ನೀವು ಸುಮ್ನೆ ಪಕ್ಕಕ್ಕೆ ಕೂತುಕೊಳ್ಳಿ. ಒಂದೆರಡು ಫ್ಯೂಸ್ ಮೊದಲೇ ತಂದಿಟ್ಟಿರಿ.

- ಸಂ.